ಮಲಗಿ ನೋಡಿದ ಹಾಸಿಗೆ

ನಮ್ಮ ಅಂಗಡಿಯ ಬೋರ್ಡಿನ ಮೇಲೆ ಹೆಸರಿಲ್ಲ. ಅಪ್ಪ ತನ್ನ ಕೈಯಾರೆ ಬರೆದ ಎರಡೇ ಎರಡು ಸಾಲು ಇವೆ. ಮೇಲೆ ‘ಹತ್ತಿ ಹಾಸಿಗೆ ಅಂಗಡಿ’, ಕೆಳಗೆ ‘ಮಲಗಿ ನೋಡಿ ಕೊಡಲಾಗುವುದು’. ಅದು ಗಿರಾಕಿಯನ್ನು ಸೆಳೆಯುವ ಬಣ್ಣದ ಮಾತಾಗಿರಲಿಲ್ಲ, ಅಂಗಡಿಯ ಕಟ್ಟಳೆಯಾಗಿತ್ತು. ಹಾಸಿಗೆ ಹೊಲಿದವರು ಅದರ ಮೇಲೆ ಒಂದು ರಾತ್ರಿ ಮಲಗಬೇಕು. ಎಲ್ಲಿ ಒತ್ತುತ್ತದೆ, ಎಲ್ಲಿ ಹತ್ತಿ ಉಂಡೆ ಕಟ್ಟಿದೆ, ಎಲ್ಲಿ ತಗ್ಗಾಗಿದೆ ಎಂಬುದನ್ನು ಮೈಯಿಂದಲೇ ತಿಳಿದುಕೊಂಡು, ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಬೆಳಗ್ಗೆ ಎದ್ದು ಅಷ್ಟು ಭಾಗ ಬಿಚ್ಚಿ, ಹತ್ತಿ ಸರಿಮಾಡಿ, ಮತ್ತೆ ಹೊಲಿದು ಕೊಡಬೇಕು. ಮೇಲೊಂದು ಒಗೆದ ಬಟ್ಟೆ ಹಾಸಿಕೊಂಡೇ ಮಲಗುತ್ತಿದ್ದದ್ದು, ಯಾರೂ ಮೂಗು ಮುರಿಯಬೇಕಾಗಿಲ್ಲ.

ಅಪ್ಪನ ಕಾಲದಲ್ಲಿ ಅಪ್ಪ ಮಲಗುತ್ತಿದ್ದ. ಅವನು ಹೋದ ಮೇಲೆ ಆ ಕೆಲಸ ಅಕ್ಕನದಾಯಿತು. ಅಕ್ಕನಿಗೆ ಮದುವೆಯಾಗಿತ್ತು. ಗಂಡ ಬೇಗ ತೀರಿಕೊಂಡ. ಅವಳು ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದು, ಬಂದ ದಿನವೇ ಹತ್ತಿ ಕೋಣೆಗೆ ನುಗ್ಗಿದಳು, ಅತ್ತು ಮುಗಿಸಲಿಕ್ಕೆ ಅಲ್ಲೇ ಜಾಗ ಚೆನ್ನಾಗಿದೆ ಎಂದು. ನನಗೆ ಮದುವೆಯೇ ಆಗಲಿಲ್ಲ, ಆ ಕಥೆ ಇಲ್ಲಿ ಬೇಡ. ಅಂಗಡಿ ನಡೆಸುವವನು ನಮ್ಮಿಬ್ಬರಿಗೂ ಚಿಕ್ಕವನಾದ ತಮ್ಮ. ನಡೆಸುವುದೆಂದರೆ ಗಲ್ಲಾದ ಹಿಂದೆ ಕೂತು ಗಿರಾಕಿಗಳ ಜೊತೆ ನಗುವುದು. ಕೆಳಗೆ ಅಂಗಡಿ, ಅದರ ಹಿಂದೆ ಹತ್ತಿ ಕೋಣೆ, ಮೇಲೆ ಮನೆ. ಮನೆಯ ಬೀದಿ ಕಡೆಯ ಕೋಣೆ ತಮ್ಮನಿಗೂ ಅವನ ಹೆಂಡತಿಗೂ. ಹಿತ್ತಲ ಕಡೆಯ ಕೋಣೆ ನಮ್ಮಿಬ್ಬರಿಗೆ. ಗೋಡೆಗೆ ತಾಗಿ ನನ್ನ ಮಂಚ, ಮಧ್ಯದಲ್ಲಿ ಅಕ್ಕ ಮಲಗಿ ನೋಡುವ ಮಂಚ. ಅದರ ಮೇಲಿನ ಹಾಸಿಗೆ ದಿನಕ್ಕೊಂದು. ಇಂದು ಯಾವುದೋ ಹೊಸ ದಂಪತಿಗಳದು, ನಾಳೆ ಶಾಲೆಯ ಮೇಷ್ಟರದು. ಅವಳಿಗೆ ಸ್ವಂತದ್ದು ಎಂದು ಒಂದು ಹಾಸಿಗೆ ಇತ್ತು, ಅಪ್ಪ ಹೊಲಿದು ಕೊಟ್ಟದ್ದು. ಅದು ಸುರುಳಿ ಸುತ್ತಿ ಮೂಲೆಯಲ್ಲೇ ಇರುತ್ತಿತ್ತು.

ಹಾಸಿಗೆ ಹೊಲಿಯುವುದನ್ನು ನೋಡದವರಿಗೆ ಅದೇನು ಮಹಾ ಅನ್ನಿಸುತ್ತದೆ. ಗವಸಿಗೆ ಹತ್ತಿ ತುಂಬುವುದು, ಬಾಯಿ ಮುಚ್ಚುವುದು, ಅಷ್ಟೇ ಅಲ್ಲವೇ ಎಂದು. ಕಷ್ಟವೆಲ್ಲ ಆಮೇಲಿನದು. ಗೇಣುದ್ದದ ದಬ್ಬಳಕ್ಕೆ ಹುರಿ ಪೋಣಿಸಿ, ಹಾಸಿಗೆಯ ಮೇಲಿನಿಂದ ಕೆಳಕ್ಕೆ ಚುಚ್ಚಿ ತೆಗೆದು, ಮತ್ತೆ ಕೆಳಗಿನಿಂದ ಮೇಲಕ್ಕೆ ತಂದು, ಎರಡೂ ತುದಿ ಹಿಡಿದು ಜಗ್ಗಿ ಗಂಟು ಹಾಕಬೇಕು. ಆ ಜಗ್ಗುವುದರಲ್ಲೇ ಎಲ್ಲಾ ಇರುವುದು. ಕಡಿಮೆ ಜಗ್ಗಿದರೆ ಹತ್ತಿ ಓಡಾಡುತ್ತದೆ, ಹೆಚ್ಚು ಜಗ್ಗಿದರೆ ಗವಸು ಹರಿಯುತ್ತದೆ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಅಕ್ಕ ಹುರಿ ಜಗ್ಗಿದರೆ ಹಾಸಿಗೆ ಒಮ್ಮೆ ಉಸಿರುಬಿಟ್ಟ ಹಾಗೆ ಸದ್ದಾಗುತ್ತಿತ್ತು. ನನಗೆ ಗಂಟು ಹಾಕಲು ಬಿಡುತ್ತಿರಲಿಲ್ಲ. “ನಿನ್ನ ಗಂಟು ಹಾಸಿಗೆಗಲ್ಲ ಕಣೇ, ಜಡೆ ಕಟ್ಟೋಕೆ ಸರಿ” ಅನ್ನುತ್ತಿದ್ದಳು. ಹಾಗಾಗಿ ನನ್ನ ಪಾಲಿಗೆ ಗವಸು ಹೊಲಿಯುವ ಮಿಷನ್ನು, ಹತ್ತಿ ಬಿಡಿಸುವುದು, ಅವಳ ಬೈಗುಳ. ಕೂದಲು ನರೆತರೂ ನಾನು ಜಡೆ ಕಟ್ಟುವವಳಾಗಿಯೇ ಉಳಿದೆ.

ಗಿರಾಕಿಗಳು ಬಂದರೆ ತಮ್ಮನ ನಗುವಿಗೆ ಮರುಳಾಗುತ್ತಿರಲಿಲ್ಲ. “ಅಕ್ಕಾವ್ರು ಮಲಗಿ ನೋಡಿದ್ರಾ?” ಎಂದೇ ಕೇಳುತ್ತಿದ್ದರು. ಅಕ್ಕ ಹತ್ತಿ ಕೋಣೆಯಿಂದ ತಲೆ ಹಾಕಿ “ಮಲಗಿದ್ದೆ, ತಗೊಂಡು ಹೋಗಿ” ಅಂದರೆ ಮುಗಿಯಿತು, ಮರುಮಾತಿಲ್ಲ. ಆ ಒಂದು ಮಾತು ಅವಳ ಆಸ್ತಿ. ಬೇರೆ ಆಸ್ತಿ ಅವಳಿಗಿರಲಿಲ್ಲ.

ನೋವು ಯಾವಾಗ ಶುರುವಾಯಿತೋ ನನಗೆ ತಿಳಿಯದು. ಅವಳು ಹೇಳುವವಳಲ್ಲ. ನನಗೆ ಗೊತ್ತಾದದ್ದು ಸದ್ದಿನಿಂದ. ಮಲಗಿದ ಕೂಡಲೇ ಕಲ್ಲಿನಂತೆ ಬಿದ್ದಿರುತ್ತಿದ್ದವಳು ನಡುರಾತ್ರಿಯಲ್ಲಿ ಮಗ್ಗುಲು ಬದಲಿಸತೊಡಗಿದಳು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ, ಆಮೇಲೆ ಎದ್ದು ಕೂರುವುದು, ಕೈಯನ್ನು ಎರಡು ಮೊಣಕಾಲ ನಡುವೆ ಅದುಮಿಕೊಳ್ಳುವುದು, ಮಂಚದಿಂದ ಕೆಳಗೆ ಇಳಿಬಿಡುವುದು, ದಿಂಬಿನ ಮೇಲೆ ಏರಿಸಿ ಇಡುವುದು. ಅಳುವ ಮಗುವನ್ನು ಎಲ್ಲಿ ಮಲಗಿಸಲಿ ಎಂದು ತಿಳಿಯದ ತಾಯಿಯ ಹಾಗೆ ತನ್ನ ಕೈಯನ್ನೇ ಹೊತ್ತುಕೊಂಡು ತಿರುಗುತ್ತಿದ್ದಳು. “ಏನಾಯ್ತು ಅಕ್ಕ?” ಅಂದರೆ, “ಏನಿಲ್ಲ, ಹಾಸಿಗೆ ಸರಿ ಬಂದಿಲ್ಲ. ಒತ್ತುತ್ತೆ. ನೀನು ಮಲಗು.”

ಬೆಳಗ್ಗೆ ಅವಳ ಬೆರಳು ಮಡಿಸಲು ಬರುತ್ತಿರಲಿಲ್ಲ. ನಲ್ಲಿ ತಿರುಗಿಸಲು ನಾನು ಬೇಕು, ಸೀರೆಗೆ ಪಿನ್ನು ಹಾಕಲು ನಾನು ಬೇಕು. ಬಾಂಡಲಿಯಲ್ಲಿ ಬಿಸಿನೀರು ಹಾಕಿಕೊಂಡು ಮಣಿಕಟ್ಟಿನವರೆಗೆ ಕೈ ಮುಳುಗಿಸಿ ಕೂತಿರುತ್ತಿದ್ದಳು. ನೀರು ಆರಿ ತಣ್ಣಗಾದ ಮೇಲೆ ಬೆರಳು ಒಂದೊಂದಾಗಿ, ಮನಸ್ಸಿಲ್ಲದ ಮನಸ್ಸಿನಿಂದ, ಮಡಿಸಿಕೊಳ್ಳುತ್ತಿದ್ದವು. ತಮ್ಮನ ಹೆಂಡತಿ ಅದನ್ನು ನೋಡಿ, “ದೊಡ್ಡಕ್ಕ ಬೆಳಬೆಳಗ್ಗೆ ಕೈಗೆ ಸ್ನಾನ ಮಾಡಿಸ್ತಾರೆ” ಎಂದು ನಗುತ್ತಿದ್ದಳು. ಕೆಟ್ಟವಳಲ್ಲ ಅವಳು. ನಿದ್ದೆ ಬರುವವರಿಗೆ ನಿದ್ದೆ ಬಾರದವರು ತಮಾಷೆಯಾಗಿ ಕಾಣುತ್ತಾರೆ, ಅಷ್ಟೇ.

ಕೈ ಸಡಿಲವಾದ ಕೂಡಲೇ ಅಕ್ಕ ಕತ್ತರಿ ಹಿಡಿಯುತ್ತಿದ್ದಳು. ರಾತ್ರಿ ಸೀಮೆಸುಣ್ಣದ ಗುರುತು ಬಿದ್ದಲ್ಲೆಲ್ಲ ಬಿಚ್ಚುವುದು. ಮೊದಮೊದಲು ಒಂದೋ ಎರಡೋ ಗುರುತು. ಬರಬರುತ್ತಾ ಹಾಸಿಗೆಯ ಅರ್ಧ ಭಾಗವೇ ಬಿಚ್ಚಬೇಕಾಗಿ ಬಂತು. ಬಿಚ್ಚಿ ನೋಡಿದರೆ ಹತ್ತಿ ಹಾಲಿನ ಕೆನೆಯ ಹಾಗೆ ಸಮವಾಗಿಯೇ ಇರುತ್ತಿತ್ತು. ಆದರೂ ಬಿಡಿಸಿ, ಹಿಂಜಿ, ಮತ್ತೆ ತುಂಬಿ, ಮತ್ತೆ ಹುರಿ ಜಗ್ಗುತ್ತಿದ್ದಳು. ಒಂದು ಹಾಸಿಗೆಗೆ ಎರಡು ಹಾಸಿಗೆಯಷ್ಟು ಜಗ್ಗಾಟ. ಅದರಿಂದ ಕೈ ಇನ್ನಷ್ಟು ಊದುವುದು, ಊದಿದ ಕೈಯಿಂದ ರಾತ್ರಿ ಇನ್ನಷ್ಟು ನೋವು, ನೋವಿದ್ದಷ್ಟೂ ಹಾಸಿಗೆಯ ಮೇಲೆ ಗುರುತು. ಗಾಣ ತಿರುಗಿದ ಹಾಗೆ ತಿರುಗುತ್ತಿತ್ತು. ಹೊಲಿಯುವ ಕೈಗೆ ಹೀಗೆ ಮೋಸ ಮಾಡುವ ಕಟ್ಟಳೆಯನ್ನು ಮಾಡಿಟ್ಟು ಹೋದ ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಒಂದು ಬೆಳಗ್ಗೆ ನಾನು ಎರಡು ಹಾಸಿಗೆಗಳನ್ನು ಹತ್ತಿ ಕೋಣೆಯ ಗೋಡೆಗೆ ಪಕ್ಕಪಕ್ಕದಲ್ಲಿ ನಿಲ್ಲಿಸಿದೆ. ಎರಡೂ ಬಿಚ್ಚಬೇಕಾದವು. ಒಂದು ನೀಲಿ ಪಟ್ಟೆಯ ಗವಸಿನದು, ಇನ್ನೊಂದು ಕಂದು ಬಣ್ಣದ್ದು. ಗಿರಾಕಿ ಬೇರೆ, ಅಳತೆ ಬೇರೆ, ಹತ್ತಿಯೂ ಬೇರೆ. ಗುರುತು ಮಾತ್ರ ಒಂದೇ. ಮೇಲೆ ಎಡಗಡೆಗೆ ಒಂದು, ಭುಜ ಬರುವ ಜಾಗ. ಅದರ ಕೆಳಗೆ ಮೊಣಕೈ. ಪಕ್ಕಕ್ಕೆ ಚಾಚಿದ ಮಣಿಕಟ್ಟು, ಬೆರಳುಗಳು ಬರುವಲ್ಲಿ ಚಿಕ್ಕ ಚಿಕ್ಕ ಗುರುತುಗಳ ಗುಂಪು. ಸೊಂಟ. ಎರಡು ಮೊಣಕಾಲು. ನಾನು ಹಿಂದಕ್ಕೆ ಸರಿದು ನೋಡಿದೆ. ಎರಡೂ ಹಾಸಿಗೆಗಳ ಮೇಲೆ ನನ್ನ ಅಕ್ಕ ಕಾಲು ಮಡಿಸಿ ಮಲಗಿದ್ದಳು.

ಅಕ್ಕನನ್ನು ಕರೆದು ತೋರಿಸಿದೆ. ತೋರಿಸಬಾರದಿತ್ತೋ ಏನೋ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಒಂದು ಹಾಸಿಗೆ ನೋಡಿದಳು, ಇನ್ನೊಂದು ನೋಡಿದಳು.

“ಹಾಗಾದ್ರೆ ಇಷ್ಟು ದಿನ ನಾನು ಬಿಚ್ಚಿದ್ದೆಲ್ಲಾ ಸರಿಯಾಗಿದ್ದ ಹಾಸಿಗೆನಾ?”

ನಾನು ಜಾರುತ್ತಿದ್ದ ನೀಲಿ ಪಟ್ಟೆಯ ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿದೆ.

“ಸರಿಯಾಗಿದ್ದದ್ದನ್ನ ಬಿಚ್ಚಿ ಕೆಡಿಸಿದ್ನಾ?”

“ಕೆಡಿಸಲಿಲ್ಲ ಅಕ್ಕ. ಮತ್ತೆ ಹೊಲಿದ್ಯಲ್ಲ.”

“ಬಾಯಿ ಮುಚ್ಚು” ಎಂದು ಅವಳು ಒದ್ದೆ ಬಟ್ಟೆ ತಂದು ಗುರುತುಗಳನ್ನೆಲ್ಲ ತಾನೇ ಒರೆಸಿದಳು.

ಆಮೇಲೆ ಅವಳನ್ನು ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ರಕ್ತ ತೆಗೆಸಿ, ಇದು ಸಂಧಿವಾತ, ಕೀಲುಗಳು ಒಳಗಿನಿಂದ ಊದಿಕೊಳ್ಳುವ ಕಾಯಿಲೆ, ರಾತ್ರಿ ಮತ್ತು ಬೆಳಗಿನ ಜಾವಕ್ಕೆ ಹೆಚ್ಚು ಕಾಡುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು, ಮಲಗುವಾಗ ಮಣಿಕಟ್ಟಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು, ಬಿಸಿನೀರಿನ ಶಾಖ ಒಳ್ಳೆಯದೇ, ಬಿಡಬೇಡಿ ಎಂದರು. ಕೊನೆಗೆ, “ಮುಖ್ಯವಾಗಿ ನಿದ್ದೆ ಕೆಡಿಸ್ಕೋಬೇಡಿ. ಒಂದು ಒಳ್ಳೆ ಹಾಸಿಗೆ ಮಾಡಿಸ್ಕೊಳ್ಳಿ. ನೀವು ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರು.

“ಹಾಸಿಗೆ ಹೊಲೀತೀನಿ” ಅಂದಳು ಅಕ್ಕ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಪಾಪ, ಅವರಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಆಡಿದಳು: “ಮಾತ್ರೆ ತಗೊಂಡ್ರೆ ನೋವು ಹೋಗುತ್ತಂತೆ. ಆದ್ರೆ ಯಾವುದು ಹಾಸಿಗೇದು, ಯಾವುದು ನಂದು ಅಂತ ಹೇಳೋ ಮಾತ್ರೆ ಇಲ್ವಂತಾ?”

ಮಾತ್ರೆಯಿಂದ ನೋವು ಹೋಗಲಿಲ್ಲ, ಸ್ವಲ್ಪ ಹಿಂದಕ್ಕೆ ಸರಿಯಿತು. ಮಲಗಿದ ಕೂಡಲೇ ಬರುತ್ತಿದ್ದದ್ದು ಈಗ ಒಂದು ನಿದ್ದೆ ಆದ ಮೇಲೆ ಬಂದು ಎಬ್ಬಿಸುತ್ತಿತ್ತು. ಅರ್ಧ ನಿದ್ದೆಯಲ್ಲಿ ಎದ್ದು ಕೂತವಳಿಗೆ ಇಡೀ ರಾತ್ರಿ ಎಚ್ಚರವಾಗಿರುವುದಕ್ಕಿಂತ ಅದೇ ಹೆಚ್ಚಿನ ಶಿಕ್ಷೆ. ಹಗಲಿನಲ್ಲಿ ಹತ್ತಿಯ ರಾಶಿಯ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. ಕೈಯಲ್ಲಿ ದಬ್ಬಳ, ದಬ್ಬಳ ಹಾಸಿಗೆಯ ಹೊಟ್ಟೆಯಲ್ಲಿ, ಅವಳ ಗದ್ದ ಎದೆಯ ಮೇಲೆ. ನಾನು ಕೆಮ್ಮಿದರೆ ಬೆಚ್ಚಿಬಿದ್ದು ದಬ್ಬಳ ಎಳೆಯುತ್ತಿದ್ದಳು. “ನಿದ್ದೆ ಮಾಡ್ತಿರಲಿಲ್ಲ ಕಣೇ, ಯೋಚನೆ ಮಾಡ್ತಿದ್ದೆ.”

ಸುದ್ದಿ ಕೇಳಿ ತಮ್ಮನಿಗೆ ತಲೆಬಿಸಿಯಾಯಿತು. ಅಕ್ಕನ ಕೈಯ ಚಿಂತೆಯಲ್ಲ. “ಹಾಸಿಗೆ ಮಾಡೋಳಿಗೇ ನಿದ್ದೆ ಇಲ್ಲ ಅಂತ ಗೊತ್ತಾದ್ರೆ ಯಾರು ಬರ್ತಾರೆ ಅಂಗಡಿಗೆ? ಈ ವಿಷಯ ಮನೆ ಬಾಗಿಲು ದಾಟಬಾರದು” ಎಂದ. ರಾತ್ರಿ ದೀಪ ಹಚ್ಚಬಾರದೆಂದೂ ಹೇಳಿದ, ಹಿತ್ತಲ ಮನೆಯವರಿಗೆ ಕಾಣುತ್ತದಂತೆ. ಅಂದಿನಿಂದ ಅಕ್ಕ ಕತ್ತಲಲ್ಲೇ ಕೂತು ಕೈ ಒತ್ತಿಕೊಂಡಳು.

ಇಷ್ಟು ಸಾಲದೆಂದು ಅವನು ಇನ್ನೊಂದು ಏರ್ಪಾಡು ಮಾಡಿದ. “ಅಕ್ಕ, ನೀನು ಎಂದಿನ ಹಾಗೆ ಮಲಗು. ಗುರುತೂ ಹಾಕು, ನಿನ್ನ ಸಮಾಧಾನಕ್ಕೆ. ಆದ್ರೆ ಬಿಚ್ಚೋದು ಬೇಡ. ಬೆಳಗ್ಗೆ ನಾನು ಬ್ರಷ್ ಹೊಡೆದು ಸುಣ್ಣ ತೆಗೆದು ಕಳಿಸ್ತೀನಿ.” ಗಿರಾಕಿಗಳು “ಅಕ್ಕಾವ್ರು ಮಲಗಿದ್ರಾ?” ಎಂದು ಕೇಳಿದರೆ, “ಮಲಗಿದ್ರಲ್ಲ” ಅನ್ನುತ್ತಿದ್ದ. ಸುಳ್ಳಲ್ಲ. ನನ್ನ ತಮ್ಮ ಸುಳ್ಳು ಹೇಳುವವನಲ್ಲ, ಅವನಿಗೆ ಆ ಕಷ್ಟವೇ ಬೇಕಾಗುವುದಿಲ್ಲ.

ಅಕ್ಕ ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಮೊದಲಿನ ಅಕ್ಕನಾಗಿದ್ದರೆ ಕತ್ತರಿಯನ್ನು ಅವನ ಮುಖಕ್ಕೆ ಹಿಡಿಯುತ್ತಿದ್ದಳು. ಈಗ ತಲೆ ತಗ್ಗಿಸಿ “ಆಗ್ಲಿ” ಅಂದಳು. ಅವಳಿಗೆ ಆ ಎರಡು ಹಾಸಿಗೆಗಳನ್ನು ತೋರಿಸಿದ ದಿನವೇ ಏನೋ ಮುರಿದಿತ್ತು.

ಆಮೇಲೆ ಬಂದದ್ದು ಬ್ರೆಡ್ ಅಂಗಡಿಯವನ ತಾಯಿಯ ಹಾಸಿಗೆ. ಬೀದಿಯ ತುದಿಯಲ್ಲಿ ಅವನು ಬ್ರೆಡ್ ಸುಡುವ ಒಲೆಮನೆ. ಮೈತುಂಬ ಹಿಟ್ಟು, ಮಾತು ಕಡಿಮೆ. ಅವನ ತಾಯಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಸ್ಪರ್ಶವೂ ಇಲ್ಲ. ಸದಾ ಮಲಗಿದ್ದಲ್ಲೇ ಇರುವ ಜೀವ. “ಅಕ್ಕಾವ್ರೇ, ಅಮ್ಮಂಗೆ ಒತ್ತಿದ್ರೂ ಹೇಳೋಕೆ ಗೊತ್ತಾಗಲ್ಲ. ನೀವೇ ಅವಳ ಬದಲು ಮಲಗಿ ನೋಡಿ” ಅಂದಿದ್ದ. ಅಕ್ಕ ಆ ಹಾಸಿಗೆಗೆ ಜೀವ ತೇಯ್ದಳು. ಆಯ್ದ ಹತ್ತಿ, ಮೃದುವಾದ ಗವಸು, ಒಂದೊಂದು ಹುರಿಯನ್ನೂ ಹಲ್ಲು ಕಚ್ಚಿಕೊಂಡು ಜಗ್ಗಿದಳು. ಮಧ್ಯೆ ಮಧ್ಯೆ ತೂಕಡಿಸಿದಳು ಕೂಡ. ಅಪ್ಪನ ಕಾಲದ ಜೋಡಿ ದಬ್ಬಳಗಳಲ್ಲಿ ಒಂದು ಮೊಂಡಾಗಿದೆ ಎಂದು ಸಂಜೆ ಅದನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದನ್ನು ನಾನು ನೋಡಿದ್ದೆ. ಆಗ ಅದು ನಮಗಿಬ್ಬರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ.

ಆ ರಾತ್ರಿ ಅವಳು ನನ್ನನ್ನು ಎಬ್ಬಿಸಿದಳು. “ಏನೋ ಇದೆ ಕಣೇ. ಮೀನಖಂಡದ ಹತ್ರ. ಚುಚ್ಚುತ್ತೆ.”

“ಕಾಲು ನೋವಾ?”

“ಅಲ್ಲಿ ಯಾವತ್ತೂ ನೋವಿರಲಿಲ್ಲ.” ಆಮೇಲೆ ತಾನೇ ಅಂದಳು, “ಇವತ್ತಿಂದ ಶುರುವಾಯ್ತೇನೋ.” ಕತ್ತಲಲ್ಲಿ ಸೀಮೆಸುಣ್ಣ ಗವಸಿನ ಮೇಲೆ ಎರಡು ಸಲ ಎಳೆದದ್ದು ಕೇಳಿಸಿತು.

ಬೆಳಗ್ಗೆ ನೋಡಿದರೆ ಎಂದಿನ ಜಾಗಗಳಲ್ಲಿ ಒಂದೂ ಗುರುತಿಲ್ಲ. ಅವೆಲ್ಲ ತನ್ನವೇ ಎಂದು ಬಿಟ್ಟುಬಿಟ್ಟಿದ್ದಳು. ಕೆಳಗೆ, ಮೀನಖಂಡ ಬರುವಲ್ಲಿ, ಕತ್ತರಿಯಾಕಾರದ ಒಂದೇ ಒಂದು ಸುಣ್ಣದ ಗುರುತು. ತಮ್ಮ ಬ್ರಷ್ ಹಿಡಿದು ಬಂದ. ಅಕ್ಕ ಅವನಿಗೆ ಹೇಳಿದಳು. ಅವನು ಹಾಸಿಗೆಯ ಮೇಲೆ ಎರಡು ಸಲ ಅಂಗೈ ಆಡಿಸಿ, “ಏನೂ ಇಲ್ಲ. ಈಗ ಮೀನಖಂಡಕ್ಕೂ ಇಳೀತಾ ನಿನ್ನ ವಾತ?” ಎಂದು ನಕ್ಕ. ನಾನು, “ಅಷ್ಟೇ ಅಷ್ಟು ಬಿಚ್ಚಿ ನೋಡೋಣ, ಏನು ಗಂಟು ಹೋಗುತ್ತೆ?” ಅಂದೆ. “ಗಾಡಿ ಬಂದು ನಿಂತಿದೆ, ನಿಮ್ಮಿಬ್ಬರ ಆಟ ಸಾಕು” ಅಂದ. ನಾನು ಕತ್ತರಿಗೆ ಕೈ ಚಾಚಿದೆ. ಆಗ ಅಕ್ಕ ತನ್ನ ಊದಿದ ಅಂಗೈಯನ್ನು ಆ ಗುರುತಿನ ಮೇಲೆ ಇಟ್ಟು ಒತ್ತಿದಳು. ಅವಳ ಬೆಳಗಿನ ಕೈಗೆ ಏನು ತಾನೇ ತಿಳಿದೀತು? ನನ್ನ ಮುಖ ನೋಡಿ ಅಂದಳು:

“ಹೋಗ್ಲಿ ಬಿಡೇ. ನನ್ನ ಮೈಯೇ ಇರ್ಬೇಕು.”

ಹಾಸಿಗೆ ಹೋಯಿತು. ಎಷ್ಟೋ ದಿನದ ಮೇಲೆ, ನಾವು ಅದನ್ನು ಮರೆತೇ ಬಿಟ್ಟಿದ್ದಾಗ, ಬ್ರೆಡ್ ಅಂಗಡಿಯವನು ಬಂದು ಗಲ್ಲಾದ ಮುಂದೆ ನಿಂತ. ಕೈಯಲ್ಲಿ ಮಡಿಸಿದ ಕಾಗದ. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಬೆರಳ ಉಗುರಿನಷ್ಟು ಉದ್ದದ ಉಕ್ಕಿನ ಮೊನೆ.

“ಅಮ್ಮನ ಕಾಲಲ್ಲಿ ಇತ್ತು” ಅಂದ. “ಅವಳಿಗೆ ಗೊತ್ತಾಗಲ್ಲ. ಬಟ್ಟೆ ಮೇಲೆ ರಕ್ತ ನೋಡಿ ನಮಗೆ ಗೊತ್ತಾಯ್ತು. ಆ ಹೊತ್ತಿಗೆ ಕೀವು ತುಂಬಿತ್ತು. ಕೊಯ್ದು ತೆಗೆದ್ರು. ಈಗ ಪರವಾಗಿಲ್ಲ.”

ತಮ್ಮನ ನಗು ಅರ್ಧದಲ್ಲೇ ನಿಂತಿತು. ನಾನು ಓಡಿಹೋಗಿ ಜೋಡಿ ದಬ್ಬಳ ತಂದು ಪಕ್ಕಪಕ್ಕದಲ್ಲಿ ಇಟ್ಟೆ. ಅಪ್ಪನ ಕೈಯಲ್ಲಿ ಒಂದೇ ಅಳತೆಗಿದ್ದವುಗಳಲ್ಲಿ ಒಂದು ಈಗ ಗಿಡ್ಡ. ಯಾವುದೋ ಮಧ್ಯಾಹ್ನ ತೂಕಡಿಸಿ ಬೆಚ್ಚಿ ಎಳೆದಾಗ ಮೊನೆ ಒಳಗೇ ಮುರಿದಿದೆ. ಅವಳು ಅದನ್ನು ಮೊಂಡಾಗಿದೆ ಅಂದುಕೊಂಡು ಕಲ್ಲಿಗೆ ಉಜ್ಜಿದ್ದಾಳೆ.

“ಮುರಿಯೋದು ಮುರಿಯುತ್ತೆ” ಅಂದ ಬ್ರೆಡ್ ಅಂಗಡಿಯವನು. “ನಾನು ಅದಕ್ಕೆ ಬಂದಿಲ್ಲ. ಆ ಜಾಗದಲ್ಲಿ ಸೀಮೆಸುಣ್ಣದ ಗುರುತಿದೆ. ಉಜ್ಜಿದ್ದಾರೆ, ಪೂರ್ತಿ ಹೋಗಿಲ್ಲ. ಮೊನೆ ಇದ್ದದ್ದು ಸರಿಯಾಗಿ ಆ ಗುರುತಿನ ಕೆಳಗೆ.” ಅವನು ಹತ್ತಿ ಕೋಣೆಯ ಬಾಗಿಲಿನಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದ. “ಅಂದ್ರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದ್ರಾ ಅಕ್ಕಾವ್ರೇ?”

ತಮ್ಮ ಬಾಯಿ ಹಾಕಿದ. “ಅಕ್ಕಂಗೆ ಮೈ ಸರಿ ಇಲ್ಲ. ರಾತ್ರಿ ನಿದ್ದೆ ಇಲ್ಲ. ಎಲ್ಲಾ ಹಾಸಿಗೆಗೂ ಹೀಗೇ ಗುರುತು ಹಾಕ್ತಾಳೆ. ಅವಳ ಮಾತು ಹಿಡ್ಕೊಂಡು ಕೂರೋಕಾಗುತ್ತಾ?” ಮನೆ ಬಾಗಿಲು ದಾಟಬಾರದೆಂದು ಬಾಯಿಗೆ ಬೀಗ ಹಾಕಿಸಿದವನು ತನ್ನ ಕುತ್ತಿಗೆಗೆ ಬಂದಾಗ ತಾನೇ ಬಾಗಿಲು ತೆಗೆದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ.

ಅಕ್ಕ ಒಂದೇ ಮಾತಿನಲ್ಲಿ ಅವನನ್ನು ಮುಗಿಸಬಹುದಿತ್ತು. “ನಾನು ಹೇಳಿದ್ದೆ, ಇವನೇ ಕೇಳಲಿಲ್ಲ” ಎಂದರೆ ಸಾಕಿತ್ತು. ನಾನು ಅವಳ ಬಾಯನ್ನೇ ನೋಡುತ್ತಾ ನಿಂತಿದ್ದೆ.

“ಒತ್ತಿದ್ದು ನಿಜ” ಅಂದಳು ಅಕ್ಕ. “ಗುರುತು ಹಾಕಿದ್ದೂ ನಿಜ. ನನ್ನ ಮೈ ಸರಿಯಾಗೇ ಹೇಳ್ತು. ನಾನೇ ಅದನ್ನ ನಂಬಲಿಲ್ಲ.”

ಬ್ರೆಡ್ ಅಂಗಡಿಯವನು ಕಾಗದವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಮ್ಮ ಅಂಗಡಿಗೆ ಕಾರ್ಖಾನೆಯ ಹಾಸಿಗೆಗಳು ಬಂದವು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಒಳಗೆ ಸ್ಪಂಜು ತುಂಬಿದ, ಒಂದರಂತೆ ಇನ್ನೊಂದು. ತಮ್ಮ ಅವನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಹತ್ತಿ ಕೋಣೆಗೆ ಬೀಗ ಹಾಕಿದ. “ನೀನು ಇನ್ನು ಆರಾಮಾಗಿರು ಅಕ್ಕ. ದುಡಿದದ್ದು ಸಾಕು” ಎಂದು ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದ. ಬೋರ್ಡು ಮಾತ್ರ ತೆಗೆಯಲಿಲ್ಲ. ‘ಮಲಗಿ ನೋಡಿ ಕೊಡಲಾಗುವುದು’ ಎಂದು ಈಗಲೂ ಇದೆ. ಕೇಳಿದವರಿಗೆ ಪ್ಲಾಸ್ಟಿಕ್ಕಿನ ಮೇಲೆಯೇ ಒಂದು ಸಲ ಮಲಗಿ ನೋಡಿ ಅನ್ನುತ್ತಾನೆ. ಅವನಿಗೇನು, ಬೆನ್ನಿಗೆ ಹಲಗೆ ಸಿಕ್ಕರೂ ಕೊರಡು ಬಿದ್ದ ಹಾಗೆ ನಿದ್ದೆ ಹೋಗುವ ಆಸಾಮಿ.

ಅಕ್ಕನಿಗೆ ಮೊದಲ ಸಲ ದಿನವೂ ಒಂದೇ ಹಾಸಿಗೆಯ ಮೇಲೆ ಮಲಗುವ ಭಾಗ್ಯ ಬಂತು. ಮೂಲೆಯ ಸುರುಳಿ ಬಿಚ್ಚಿ, ಅಪ್ಪ ಹೊಲಿದ ಹಾಸಿಗೆಯನ್ನು ಮಂಚದ ಮೇಲೆ ಹಾಸಿದೆವು. ನೋವು ಅಲ್ಲಿಗೂ ಬಂತು. ಆದರೆ ಈಗ ಅವಳು ಮಗ್ಗುಲು ಬದಲಿಸುತ್ತಿರಲಿಲ್ಲ, ಎದ್ದು ಕೂರುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಅಲುಗಾಡದೆ ಬಿದ್ದಿರುತ್ತಿದ್ದಳು. ಹೊರಳಾಡುವಷ್ಟೂ ಹಕ್ಕು ತನಗಿಲ್ಲ ಎಂಬ ಹಾಗೆ. ಅವಳ ಹೊರಳಾಟಕ್ಕೆ ನಿದ್ದೆಗೆಡುತ್ತಿದ್ದ ನನಗೆ ಅವಳ ಈ ನಿಶ್ಶಬ್ದಕ್ಕೆ ಇನ್ನಷ್ಟು ನಿದ್ದೆ ಹಾರಿಹೋಯಿತು.

ಒಂದು ರಾತ್ರಿ ಕರೆದಳು. “ಎಚ್ಚರ ಇದ್ದೀಯಾ?”

“ಹೂಂ.”

“ಸ್ವಲ್ಪ ಇಲ್ಲಿ ಬಂದು ಮಲಗು.”

ಅವಳು ಗೋಡೆ ಹಿಡಿದುಕೊಂಡು ಎದ್ದು ನಿಂತಳು. ನಾನು ಅವಳ ಜಾಗದಲ್ಲಿ ಮಲಗಿದೆ. ಹಾಸಿಗೆ ಅವಳ ಮೈಯಿಂದ ಬೆಚ್ಚಗಿತ್ತು.

“ಸೊಂಟದ ಹತ್ರ ಏನಾದ್ರೂ ಒತ್ತುತ್ತಾ? ಚೆನ್ನಾಗಿ ನೋಡಿ ಹೇಳು. ಇದು ಹಾಸಿಗೆಯೋ, ನಾನೋ? ಅಷ್ಟು ಹೇಳು ಸಾಕು.”

ನಾನು ನೋಡಿದೆ. ಮೈ ಆ ಕಡೆ ಈ ಕಡೆ ಮಾಡಿ ನೋಡಿದೆ. ಅಪ್ಪನ ಕೈ ಎಂಥದ್ದಿತ್ತು ಎಂದು ಆ ಕತ್ತಲಲ್ಲಿ ನನಗೆ ಗೊತ್ತಾಯಿತು. ಒಂದು ಕೂದಲೆಳೆಯಷ್ಟೂ ಏರುಪೇರಿರಲಿಲ್ಲ. ಅಕ್ಕ ಕತ್ತಲಲ್ಲಿ ನಿಂತಿದ್ದಳು. ಅವಳ ಉಸಿರು ಕೇಳಿಸುತ್ತಿತ್ತು.

“ಇದೆ ಅಕ್ಕ” ಅಂದೆ. “ಇಲ್ಲಿ ಹತ್ತಿ ಉಂಡೆ ಕಟ್ಟಿದೆ.”

“ನಿಜವಾಗ್ಲೂ?”

“ಒತ್ತುತ್ತೆ. ಸೀಮೆಸುಣ್ಣ ಕೊಡು.”

ದಿಂಬಿನ ಕೆಳಗಿನಿಂದ ಅವಳೇ ತೆಗೆದುಕೊಟ್ಟಳು. ಇನ್ನೂ ಅಲ್ಲೇ ಇಟ್ಟುಕೊಂಡಿದ್ದಳು. ನಾನು ಗುರುತು ಹಾಕಿ ಎದ್ದೆ. ಅವಳು ಅದರ ಮೇಲೆಯೇ ಮೈಚಾಚಿ, “ನಂಗೆ ಗೊತ್ತಿತ್ತು” ಅಂದಳು. ಸ್ವಲ್ಪ ಹೊತ್ತಿಗೆ ಅವಳ ಗೊರಕೆ ಕೇಳಿಸಿತು. ಆ ಗೊರಕೆ ಕೇಳಿ ಎಷ್ಟು ಕಾಲವಾಗಿತ್ತೋ. ಬೆಳಗಿನವರೆಗೂ ಅವಳು ಏಳಲಿಲ್ಲ, ನಾನು ಕಣ್ಣು ಮುಚ್ಚಲಿಲ್ಲ.

ಎದ್ದವಳು ಮೊದಲು ಕೇಳಿದ್ದು ಕತ್ತರಿ. “ನೀನು ಬಿಚ್ಚಿಡು. ಅಷ್ಟರಲ್ಲಿ ಕೈ ಸಡಿಲ ಮಾಡ್ಕೊಂಡು ಬರ್ತೀನಿ” ಎಂದು ಬಿಸಿನೀರಿಗೆ ಹೋದಳು. ನಾನು ಗುರುತಿನ ಸುತ್ತ ಹೊಲಿಗೆ ಕತ್ತರಿಸಿದೆ. ಒಳಗೆ ಹತ್ತಿ ನೀಟಾಗಿ ಮಲಗಿತ್ತು. ಅವಳು ಬಂದು ನೋಡಿದರೆ ಏನು ಹೇಳಲಿ? ಒಂದು ಹಿಡಿ ಹತ್ತಿ ಕಿತ್ತು, ಉಂಡೆ ಮಾಡಿ, ಮೇಲೆ ಕತ್ತರಿಸಿದ ಹುರಿಯ ತುಂಡು ಸುತ್ತಿ, ನನ್ನ ಕೈಲಾದಷ್ಟು ಬಿಗಿಯಾಗಿ ಗಂಟು ಹಾಕಿ ಒಳಗೆ ತುರುಕಿದೆ. ಹುರಿಯ ತುಂಡು ಒಳಗೆ ಉಳಿದು ಹತ್ತಿ ಸುತ್ತಿಕೊಳ್ಳುವುದು ನಮ್ಮ ಕಸುಬಿನಲ್ಲಿ ಆಗುವ ತಪ್ಪೇ. ಅಪ್ಪನಿಂದಲೂ ಆಗಿರಬಹುದು ಅಂದುಕೊಳ್ಳಲಿ ಎಂದುಕೊಂಡೆ.

ಅಕ್ಕ ಒದ್ದೆ ಕೈ ಒರೆಸಿಕೊಂಡು ಬಂದು ಒಳಗೆ ಕೈ ಹಾಕಿದಳು. ಸಿಕ್ಕಿತು. ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

“ಇದು ಅಪ್ಪನ ಗಂಟಲ್ಲ” ಅಂದಳು.

ನಾನು ಕತ್ತರಿಯನ್ನು ಕೆಳಗಿಟ್ಟೆ.

ಬಿಚ್ಚಲು ನೋಡಿದಳು. ಬೆರಳಿಗೆ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು, ಆಗಲೂ ಬರಲಿಲ್ಲ. ಉಂಡೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿತ್ತಲನ್ನು ನೋಡುವವಳಂತೆ ನಿಂತಳು. ಅಲ್ಲಿ ನೋಡಲು ಏನೂ ಇರಲಿಲ್ಲ. ಆಮೇಲೆ ಬಗ್ಗಿ, ತನ್ನ ತಗಡಿನ ಪೆಟ್ಟಿಗೆಯಿಂದ ಅಂಗೈಯ ಚರ್ಮದ ಪಟ್ಟಿಯನ್ನೂ ಉದ್ದವಾಗಿಯೇ ಉಳಿದಿದ್ದ ದಬ್ಬಳವನ್ನೂ ತೆಗೆದು ನನ್ನ ಕೈಯಲ್ಲಿಟ್ಟಳು. ಪಟ್ಟಿಯನ್ನು ತಾನೇ ಕಟ್ಟಲು ಹೋದಳು, ಬೆರಳು ಕೇಳಲಿಲ್ಲ. ನಾನೇ ಹಲ್ಲಿನಿಂದ ಕಚ್ಚಿ ಕಟ್ಟಿಕೊಂಡೆ.

“ಬಿಗಿಯಾಗಿದೆ ನಿನ್ನ ಗಂಟು” ಅಂದಳು. “ಹಾಸಿಗೆ ಮುಚ್ಚು. ರಾತ್ರಿ ಅದರ ಮೇಲೆ ನೀನು ಮಲಗಿ ನೋಡು. ನಂಗೆ ಯಾವುದರ ಮೇಲೆ ಮಲಗಿದ್ರೂ ಒಂದೇ.”